ಎಳೆ ಕಡಿದಾಗ ಮಾಡುವುದೇನು?

(ಮಾಂಬಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ರೇಷ್ಮೆ ನೂಲು ಬಿಚ್ಚುವುದು ಹೇಗೆಂದು ಮಾಂಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇಂದಿನ ಮಾತು ಅಲ್ಲಿಂದಲೇ ಶುರುವಾಗಬೇಕು. ಬೇಯಿಸಿದ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಬಿಚ್ಚುವವರು ಒಂದೊಂದು ಗೂಡಿನಿಂದಲೂ ತುದಿ ಹುಡುಕಿ ತೆಗೆಯುತ್ತಾರೆ. ಎಂಟು ಹತ್ತು ಎಳೆಗಳನ್ನು ಕೂಡಿಸಿದರೆ ಒಂದು ನೂಲು. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದ ಇರುತ್ತದೆ. ಒಳ್ಳೆಯ ದ್ವಿತಳಿ ಗೂಡಾದರೆ ಸಾವಿರ ಮೀಟರು ಮುಟ್ಟುವುದೂ ಉಂಟು. ಆದರೆ ಎಷ್ಟೇ ಉದ್ದವಿರಲಿ, ಒಂದಲ್ಲ ಒಂದು ಗಳಿಗೆಯಲ್ಲಿ ಆ ಎಳೆ ಮುಗಿಯುತ್ತದೆ, ಇಲ್ಲವೆ ನಡುವೆಯೇ ಕಡಿಯುತ್ತದೆ.

ಆಗ ಬಿಚ್ಚುವವರು ರಾಟೆ ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ. ಇನ್ನೊಂದು ಗೂಡಿನ ತುದಿಯನ್ನು ತೆಗೆದು, ಓಡುತ್ತಿರುವ ಉಳಿದ ಎಳೆಗಳ ಗುಂಪಿಗೆ ಎಸೆಯುತ್ತಾರೆ. ಅಲ್ಲಿ ಗಂಟು ಹಾಕುವ ಕೆಲಸವಿಲ್ಲ. ಎಳೆಯ ಮೈಮೇಲಿರುವ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ಮುಂದೆ ಆ ನೂಲಿನಿಂದ ಸೀರೆ ನೇಯ್ದಾಗ ಎಲ್ಲಿ ಹಳೆಯ ಎಳೆ ಮುಗಿಯಿತು, ಎಲ್ಲಿ ಹೊಸದು ಸೇರಿತು ಎಂಬುದು ಉಟ್ಟವರಿಗೆ ತಿಳಿಯುವುದೇ ಇಲ್ಲ.

ಮನುಷ್ಯನ ಬದುಕಿನಲ್ಲಿಯೂ ಎಳೆ ಕಡಿಯುತ್ತದೆ. ಪಿ.ಯು.ಸಿ.ಯಲ್ಲಿ ನಿರೀಕ್ಷಿಸಿದ ಅಂಕ ಬರುವುದಿಲ್ಲ. ಮಗಳ ಓದಿಗೆಂದು ಕೂಡಿಟ್ಟ ಹಣ ತಂದೆಯ ಕಾಯಿಲೆಗೆ ಹೋಗುತ್ತದೆ. ಹುಳು ನಾಲ್ಕನೇ ಜ್ವರ ದಾಟಿ ಇನ್ನೇನು ಹಣ್ಣಾಗಬೇಕು ಎನ್ನುವಾಗ ರೋಗ ಬಂದು ಇಡೀ ಬೆಳೆ ತಿಪ್ಪೆಗೆ ಸೇರುತ್ತದೆ. ‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಗಾದೆ ಅಲ್ಲಿಗೇ ನಿಂತುಬಿಡುತ್ತದೆ. ದೈವ ಬೇರೆ ಬಗೆದ ಮೇಲೆ ಮನುಷ್ಯ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರದ ದೇಶದ ಮಹಾಪುರುಷರ ಬಳಿಗೆ ಹೋಗಬೇಕಾಗಿಲ್ಲ. ಯಳಂದೂರು, ಹಿಪ್ಪುನೇರಳೆ ತೋಟ, ಎದುರಿಗೆ ಕಾಣುವ ಬಿಳಿಗಿರಿರಂಗನ ಬೆಟ್ಟ, ಇವುಗಳ ಚರಿತ್ರೆಯೇ ಸಾಕು.

ಸಂಚಿ ಹಿಡಿದ ಕೈ

ಮೊದಲು ಯಳಂದೂರಿನ ಹೆಣ್ಣುಮಗಳೊಬ್ಬಳ ಮಾತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿದು ನಿಲ್ಲುವ ಊಳಿಗದಲ್ಲಿದ್ದವಳು ಹೊನ್ನಮ್ಮ. ಆ ಕೆಲಸಕ್ಕೆ ಸೇರಿದ ಹೆಣ್ಣಿನಿಂದ ಯಾರೂ ಕಾವ್ಯವನ್ನು ನಿರೀಕ್ಷಿಸುವುದಿಲ್ಲ. ಅರಸಿ ಬಾಯಿ ಬಿಡುವ ಮುನ್ನ ವೀಳ್ಯ ಕೈಗೆ ಬಂದರೆ ಸಾಕು, ಅವಳ ಕೆಲಸ ಮುಗಿಯಿತು.

ಆದರೆ ಆ ಆಸ್ಥಾನದಲ್ಲಿ ವಿದ್ವಾಂಸರ ಮಾತು ದಿನವೂ ನಡೆಯುತ್ತಿತ್ತು. ಸಂಚಿ ಹಿಡಿದು ನಿಂತವಳ ಕಿವಿ ಸುಮ್ಮನಿರಲಿಲ್ಲ. ಪಂಡಿತ ಅಳಸಿಂಗರಾರ್ಯರ ಬಳಿ ಆಕೆಗೆ ಪಾಠವೂ ಆಯಿತು. ರಾಣಿ ದೇವಾಜಮ್ಮಣ್ಣಿಯ ಪ್ರೋತ್ಸಾಹದಿಂದ ಆಕೆ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಎಂಬ ಕೃತಿ ಬರೆದಳು. ಹೆಸರೇ ಹೇಳುವಂತೆ ಅದು ಪತಿವ್ರತೆಯ ಧರ್ಮವನ್ನು ಹೇಳುವ ಪುಸ್ತಕ. ಆ ಕಾಲದ ಕಟ್ಟುಪಾಡುಗಳನ್ನು ಮೀರಿದ್ದೇನೂ ಅಲ್ಲ. ಆದರೂ ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರನ್ನು ಅದರೊಳಗೇ ಆಕೆ ನಿಲ್ಲಿಸಿ ಕೇಳುತ್ತಾಳೆ. ಹೆತ್ತು ಹೊತ್ತು ಸಾಕಿದವಳೂ ಹೆಣ್ಣೇ ಅಲ್ಲವೇ ಎಂದು ನೆನಪಿಸುತ್ತಾಳೆ. ಮುನ್ನೂರು ವರ್ಷ ಕಳೆದರೂ ಆ ಮಾತಿಗಾಗಿಯೇ ಜನ ಅವಳನ್ನು ನೆನೆಯುತ್ತಾರೆ.

ಹೊನ್ನಮ್ಮ ಊಳಿಗ ಬಿಟ್ಟು ಕವಿಯಾದವಳಲ್ಲ. ಇಂದಿಗೂ ಅವಳ ಹೆಸರಿನ ಹಿಂದೆ ‘ಸಂಚಿ’ ಇದ್ದೇ ಇದೆ. ನಿಂತಿದ್ದ ಜಾಗವನ್ನೇ ಕಲಿಯುವ ಜಾಗ ಮಾಡಿಕೊಂಡಳು. ಬಯಸಿದ್ದಲ್ಲದ ಕೆಲಸಕ್ಕೆ ಸೇರಬೇಕಾದ ಯಾವ ಹುಡುಗ ಹುಡುಗಿಗೂ ಇದು ತಿಳಿದಿರಬೇಕಾದ ಸಂಗತಿ.

ಲೆಕ್ಕ ಉಳಿಯಿತು, ರಾಜ್ಯ ಹೋಯಿತು

ಎರಡನೆಯದು ಯಳಂದೂರಿನ ಜಹಗೀರುದಾರರಾದ ದಿವಾನ್ ಪೂರ್ಣಯ್ಯನವರ ಕತೆ. ತಮಿಳು ಸೀಮೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಅವರು. ಹೊಟ್ಟೆಪಾಡಿಗೆ ಅಂಗಡಿಯಲ್ಲಿ ಲೆಕ್ಕ ಬರೆದರು. ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಅರಮನೆಗೆ ಸಾಮಾನು ಒದಗಿಸುತ್ತಿದ್ದ ವರ್ತಕರ ಬಳಿ ಸೇರಿದ ಮೇಲೆ ಅವರ ಲೆಕ್ಕದ ಚುರುಕು ಹೈದರನ ಕಣ್ಣಿಗೆ ಬಿತ್ತು. 1782ರ ಡಿಸೆಂಬರಿನಲ್ಲಿ ಹೈದರ್ ಯುದ್ಧದ ಪಾಳೆಯದಲ್ಲೇ ತೀರಿಕೊಂಡಾಗ, ಟಿಪ್ಪು ದೂರದ ಮಲಬಾರಿನಿಂದ ಬಂದು ಸೇರುವವರೆಗೆ ಆ ಸುದ್ದಿ ಹೊರಬೀಳದಂತೆ ನೋಡಿಕೊಂಡವರಲ್ಲಿ ಪೂರ್ಣಯ್ಯನವರೂ ಒಬ್ಬರು. ಟಿಪ್ಪುವಿನ ಕಾಲದಲ್ಲಿ ರಾಜ್ಯದ ಹಣಕಾಸಿನ ಹೊಣೆ ಅವರ ಮೇಲಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಪೂರ್ಣಯ್ಯನವರಿಗೆ ಆಗ ಐವತ್ತು ದಾಟಿತ್ತು. ಇಪ್ಪತ್ತು ಮೂವತ್ತು ವರ್ಷ ದುಡಿದು ಕಟ್ಟಿದ್ದೆಲ್ಲ ಒಂದೇ ಮಧ್ಯಾಹ್ನ ಕುಸಿಯಿತು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೆ ತರಬೇಕೆಂಬುದು ಅವರ ಮೊದಲ ಸಲಹೆಯಾಗಿತ್ತು. ಇಂಗ್ಲಿಷರು ಅದಕ್ಕೆ ಒಪ್ಪಲಿಲ್ಲ. ಒಡೆಯರ ಮನೆತನದ ಐದು ವರ್ಷದ ಬಾಲಕನಿಗೆ ಪಟ್ಟ ಕಟ್ಟಿದರು. ಆ ಬಾಲಕನೇ ಮುಮ್ಮಡಿ ಕೃಷ್ಣರಾಜ ಒಡೆಯರು. ಆಡಳಿತ ನಡೆಸಲು ಮಾತ್ರ ಹಳೆಯ ಪೂರ್ಣಯ್ಯನವರೇ ಬೇಕಾದರು. ಕಾರಣ ಸರಳ: ಯಾವ ಊರಿನ ಕಂದಾಯ ಎಷ್ಟು, ಯಾವ ಕೆರೆ ಒಡೆದಿದೆ, ಯಾವ ಪಾಳೆಯಗಾರ ಎಲ್ಲಿದ್ದಾನೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಮುಂದಿನ ಹನ್ನೊಂದು ಹನ್ನೆರಡು ವರ್ಷ ಅವರು ದಿವಾನರಾಗಿದ್ದರು. ಯುದ್ಧದಿಂದ ಹಾಳಾದ ಕೆರೆ ಕಾಲುವೆಗಳ ರಿಪೇರಿ ಆಯಿತು, ರಸ್ತೆಗಳಾದವು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ 1804ರಲ್ಲಿ ಮುಗಿಯಿತು. 1807ರಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ಬಂತು. 1812ರಲ್ಲಿ ಅವರು ತೀರಿಕೊಂಡರು.

ಟಿಪ್ಪುವಿನ ಅನ್ನ ಉಂಡು ಅವನನ್ನು ಸೋಲಿಸಿದವರ ಕೆಳಗೆ ಕೆಲಸ ಮಾಡಿದ್ದು ಸರಿಯೇ ಎಂದು ಪೂರ್ಣಯ್ಯನವರನ್ನು ಇಂದಿಗೂ ಕೇಳುವವರಿದ್ದಾರೆ. ಚರಿತ್ರೆಕಾರರಲ್ಲಿ ಈ ಚರ್ಚೆ ಮುಗಿದಿಲ್ಲ. ಆ ಚರ್ಚೆ ಇರಲಿ. ಅದರ ನಡುವೆಯೂ ಒಂದು ಸಂಗತಿ ಎದ್ದು ಕಾಣುತ್ತದೆ. ಮುರಿದದ್ದು ಅವರ ಯೋಜನೆ. ಅಂಗಡಿಯಲ್ಲಿ ಕುಳಿತು ಕಲಿತ ಲೆಕ್ಕ ಮುರಿಯಲಿಲ್ಲ. ಹೊಸ ಎಳೆ ಹಿಡಿದುಕೊಂಡದ್ದು ಆ ಹಳೆಯ ಅಂಟಿಗೆ.

ಹುಳು ಉಳಿಯಿತು

ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬುನಾದಿ ಹಾಕಿದವನು ಟಿಪ್ಪುವೇ. 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ, ಅಲ್ಲಲ್ಲಿ ಸಾಕುವ ಕೇಂದ್ರಗಳನ್ನು ತೆರೆಸಿದ. ಅವನ ಲೆಕ್ಕಾಚಾರ ದೊಡ್ಡದು; ಅವನಿಗೆ ಸಿಕ್ಕ ಕಾಲ ಚಿಕ್ಕದು. ಯೋಜನೆ ಮಾಡಿದವನು ಹೋದ, ಹುಳು ರೈತರ ಮನೆಯ ಚಂದ್ರಿಕೆಯಲ್ಲಿ ಉಳಿಯಿತು.

ಉಳಿದದ್ದೂ ಸುಖವಾಗಿ ಅಲ್ಲ. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತದ ಜತೆಗೆ ಜಪಾನಿನ ಅಗ್ಗದ ರೇಷ್ಮೆ ಬಂದು ಇಲ್ಲಿನ ಬೆಲೆ ನೆಲ ಕಚ್ಚಿತು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೇಡಿಕೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. ಆ ಮೇಲೆ ಚೀನಾದ ಕಚ್ಚಾ ರೇಷ್ಮೆಯ ಸರದಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು.

ಇಂಥ ಪ್ರತಿ ಹೊಡೆತಕ್ಕೂ ಬೆಳೆಗಾರರು ಒಂದೇ ರೀತಿ ಉತ್ತರಿಸಲಿಲ್ಲ. ಕೆಲವರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದರು. ಕೆಲವರು ಮಿಶ್ರತಳಿ ಬಿಟ್ಟು ದ್ವಿತಳಿ ಕಲಿತರು. ಕೆಲವರು ಮಕ್ಕಳನ್ನು ಬೆಂಗಳೂರಿನ ಬಸ್ಸು ಹತ್ತಿಸಿದರು. ಇವರಲ್ಲಿ ಯಾರನ್ನೂ ಸೋತವರೆಂದು ಕರೆಯುವಂತಿಲ್ಲ. ಹಿಪ್ಪುನೇರಳೆ ಕೀಳುವುದೂ ಒಂದು ತೀರ್ಮಾನವೇ. ಹುಳು ಸಾಕಿದವರಿಗೆ ಹೊತ್ತು ಗೊತ್ತು, ಶುಚಿ ಗೊತ್ತು, ಕೋಣೆಯ ಬಿಸಿ ತೇವ ಕೈಯಿಂದಲೇ ಅಳೆಯುವುದು ಗೊತ್ತು. ಬೆಳೆ ಬದಲಾದರೂ ಈ ಶಿಸ್ತು ಅವರ ಜತೆಗೇ ಹೋಗುತ್ತದೆ.

ಬೆಟ್ಟದ ಮೇಲಿನವರ ಪಾಠ

ಇದುವರೆಗೆ ಹೇಳಿದ್ದು ಒಬ್ಬೊಬ್ಬರ ಕತೆ, ಒಂದು ಕಸುಬಿನ ಕತೆ. ಒಂದು ಸಮುದಾಯದ ಬದುಕಿನ ಯೋಜನೆಯೇ ಕಡಿದುಹೋದರೆ? ಅದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಡೆಗೆ ನೋಡಬೇಕು.

ಸೋಲಿಗರು ಕಾಡಿನ ತುಂಡೊಂದನ್ನು ತೆರವು ಮಾಡಿ, ಕೆಲವು ವರ್ಷ ರಾಗಿ, ಅವರೆ, ಕುಂಬಳ ಬೆಳೆದು, ಆ ನೆಲವನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಜೇನು ಕೊಯ್ಯುತ್ತಿದ್ದರು, ನೆಲ್ಲಿ, ಸೀಗೆ ಆಯುತ್ತಿದ್ದರು. ಬೇಸಿಗೆಯ ಮೊದಲಲ್ಲಿ ನೆಲದ ತರಗೆಲೆಗೆ ಹದವಾದ ಬೆಂಕಿ ಕೊಡುತ್ತಿದ್ದರು. ಅದನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಮಕ್ಕಳೂ ಹೀಗೆಯೇ ಬದುಕುತ್ತಾರೆ ಎಂಬುದೇ ಅವರ ಯೋಜನೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಸಾಯ ನಿಂತಿತು, ಬೇಟೆ ನಿಂತಿತು, ಬೆಂಕಿ ನಿಂತಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಗೆ, ಕಾಡಿನ ಅಂಚಿಗೆ ತರಲಾಯಿತು. ಉಳಿದಿದ್ದ ಆಧಾರ ಜೇನು, ನೆಲ್ಲಿ, ಕಾಡಿನ ಇತರ ಕಿರು ಉತ್ಪನ್ನ. ಕಾಯ್ದೆಯ ತಿದ್ದುಪಡಿಯ ನಂತರ, 2000ದ ದಶಕದ ನಡುವಿನಲ್ಲಿ, ಮಾರಾಟಕ್ಕಾಗಿ ಅದನ್ನು ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಒಂದೇ ತಲೆಮಾರಿನಲ್ಲಿ ಮೂರು ಸಲ ಎಳೆ ಕಡಿಯಿತು.

ಈ ನಡುವೆ ಬೆಟ್ಟಕ್ಕೆ ಒಬ್ಬ ತರುಣ ವೈದ್ಯರು ಬಂದರು. ಅವರು ಡಾ. ಎಚ್. ಸುದರ್ಶನ್. ಹನ್ನೆರಡನೇ ವಯಸ್ಸಿನಲ್ಲಿ, ಚಿಕಿತ್ಸೆ ಸಿಗದೆ ತಂದೆ ತೀರಿಕೊಂಡದ್ದನ್ನು ಕಣ್ಣಾರೆ ಕಂಡವರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬಂದದ್ದು ಔಷಧ ಕೊಡಲು. ಆದರೆ ಹೊಟ್ಟೆಗಿಲ್ಲದ ಮಗುವಿಗೆ ಔಷಧವೊಂದೇ ಸಾಲದು ಎಂಬುದು ಬೇಗ ತಿಳಿಯಿತು. ಆಸ್ಪತ್ರೆಯ ಪಕ್ಕದಲ್ಲಿ ಶಾಲೆ ಎದ್ದಿತು, ಶಾಲೆಯ ಪಕ್ಕದಲ್ಲಿ ಕಸುಬಿನ ತರಬೇತಿ ಬಂತು, ಆಮೇಲೆ ಹಕ್ಕಿನ ಮಾತು ಬಂತು. ಬೆಟ್ಟದ ಜನ ಡಾಕ್ಟರ ಯೋಜನೆಯನ್ನೇ ಬದಲಿಸಿದರು ಎಂದರೂ ತಪ್ಪಿಲ್ಲ. 1994ರಲ್ಲಿ ಅವರಿಗೂ ಕೇಂದ್ರಕ್ಕೂ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂದಾಗ ಯಳಂದೂರು ತಾಲ್ಲೂಕಿನ ಹೆಸರು ಹೊರದೇಶದ ಪತ್ರಿಕೆಗಳನ್ನು ತಲುಪಿತು.

ಆದರೆ ಈ ಕತೆಯ ಮುಖ್ಯ ಪಾತ್ರ ಸೋಲಿಗರೇ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನ ಮೇಲೆ ಹಕ್ಕು ಕೇಳುವವರು ತಾವು ಹಿಂದಿನಿಂದಲೂ ಅಲ್ಲಿದ್ದವರೆಂದು ತೋರಿಸಬೇಕು. ಕಾಗದಪತ್ರವಿಲ್ಲದವರು ಏನು ತೋರಿಸಬೇಕು? ಹಿರಿಯರ ಹೇಳಿಕೆ, ಪೂಜಾ ಸ್ಥಳ, ಸಮಾಧಿ, ಹಳೆಯ ವಾಸದ ಗುರುತು, ಇವೂ ಸಾಕ್ಷ್ಯವಾಗಬಹುದೆಂದು ಕಾಯ್ದೆಯ ನಿಯಮಗಳೇ ಹೇಳುತ್ತವೆ. ಆಗ ಅಜ್ಜಂದಿರ ನೆನಪು ಬೆಲೆಬಾಳುವ ವಸ್ತುವಾಯಿತು. ಯಾವ ಬಂಡೆಯಡಿ ಯಾವ ದೇವರು, ಯಾವ ಅಬ್ಬಿಯ ಬಳಿ ಯಾವ ಕುಲದ ಎಲ್ಲೆ, ದೊಡ್ಡ ಸಂಪಿಗೆಗೆ ಯಾವ ದಾರಿ ಎಂಬುದು ಅವರಿಗೆ ಗೊತ್ತಿತ್ತು. ಸಂಶೋಧಕರ ಜತೆ ಕಾಡು ಸುತ್ತಿ, ಉಪಗ್ರಹದ ನೆರವಿನ ಉಪಕರಣ ಹಿಡಿದು, ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಅಲ್ಲಿಯವರೆಗೆ ಹಾಡಿನಲ್ಲಿ, ಪೂಜೆಯಲ್ಲಿ ಇದ್ದ ಕಾಡು ಕಾಗದಕ್ಕೆ ಇಳಿಯಿತು.

2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮತ್ತೆ ಒಕ್ಕಲೆಬ್ಬಿಸುವ ಭಯ ಹಬ್ಬಿತು. ಸೋಲಿಗರು ಸಂಘಟಿತರಾಗಿ ತಮ್ಮ ಅರ್ಜಿಗಳ ಹಿಂದೆ ಬಿದ್ದರು. ಅದೇ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕ ದೇಶದ ಮೊದಲ ಪ್ರಕರಣ ಅದೆಂದು ಹೆಸರಾಯಿತು. ಈ ಹೋರಾಟದಲ್ಲಿ ಮುಂದೆ ನಿಂತ ಡಾ. ಸಿ. ಮಾದೇಗೌಡರು ಸೋಲಿಗರಲ್ಲಿ ಪಿಎಚ್.ಡಿ. ಪಡೆದ ಮೊದಲಿಗರು.

ಮಲೆ ಮಹದೇಶ್ವರ ಬೆಟ್ಟದ ಕಡೆ ಇನ್ನೊಂದು ಬೆಳವಣಿಗೆ ಆಯಿತು. ಹೊರದೇಶದಿಂದ ಹೂವಿನ ಅಂದಕ್ಕಾಗಿ ಬಂದ ಲಂಟಾನ ಗಿಡ ಕಾಡನ್ನೆಲ್ಲ ಆವರಿಸಿತು. ಬಿದಿರು ಸಿಗದೆ ಬುಟ್ಟಿ ಹೆಣೆಯುವವರ ಕಸುಬು ಕುಂಟಿತು. 2000ದ ದಶಕದಲ್ಲಿ ಅವರು ಅದೇ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ, ಬುಟ್ಟಿ, ಮೇಜು ಮಾಡಲು ಕಲಿತರು. ಕೈಗೆ ಹೆಣೆಯುವುದು ಗೊತ್ತಿದ್ದದ್ದರಿಂದ ಹೊಸ ಕಡ್ಡಿಗೆ ಹೊಂದಿಕೊಳ್ಳುವುದು ಸಾಧ್ಯವಾಯಿತು. ಅವರ ಕೈಯಿಂದ ಬಿದಿರನ್ನು ತಪ್ಪಿಸಿದ ಕಳೆಯೇ ಅವರ ಕೆಲಸಕ್ಕೆ ಒದಗಿತು.

ಎಲ್ಲವೂ ಒಳ್ಳೆಯದಕ್ಕೇ ಅಲ್ಲ

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಕತೆ ಕೇಳಿದವರು ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂದುಬಿಡುವುದು ಸುಲಭ. ಸೋಲಿಗರ ಪೋಡು ಎಬ್ಬಿಸಿದ್ದು ಒಳ್ಳೆಯದಕ್ಕೆ ಅಲ್ಲ. ಆಗ ಹಸಿದ ಮಕ್ಕಳಿಗೆ 2011ರ ಹಕ್ಕುಪತ್ರ ಊಟವಾಗಲಿಲ್ಲ. ಗೂಡಿನ ಬೆಲೆ ಬಿದ್ದಾಗ ಸಾಲಕ್ಕೆ ಸಿಕ್ಕವರಿಗೆ ಧೈರ್ಯದ ಮಾತು ಬಡ್ಡಿ ಕಟ್ಟಲಿಲ್ಲ. ಕಷ್ಟ ಮನುಷ್ಯನನ್ನು ತಾನಾಗಿಯೇ ಬೆಳೆಸುವುದಿಲ್ಲ. ಬೆಳೆದವರು ಕಷ್ಟವಿದ್ದರೂ ಬೆಳೆದರು. ಬೆಳೆಯುವುದಕ್ಕೆ ಅವರಿಗೆ ಏನೋ ಒಂದು ಆಸರೆ ಇತ್ತು.

ಆ ಆಸರೆ ಯಾವುದು? ಮತ್ತೆ ತೊಟ್ಟಿಯ ಬಳಿಗೆ ಹೋದರೆ ಉತ್ತರ ಸಿಗುತ್ತದೆ. ಹೊಸ ಎಳೆ ಹಿಡಿಯಲು ಎರಡು ಸಂಗತಿ ಬೇಕು. ಒಂದು, ಎಳೆಯಲ್ಲಿ ಅಂಟು ಇರಬೇಕು. ಹೊನ್ನಮ್ಮನಿಗೆ ಕಿವಿಗೊಟ್ಟು ಕಲಿತದ್ದು, ಪೂರ್ಣಯ್ಯನವರಿಗೆ ಲೆಕ್ಕ, ಸೋಲಿಗರಿಗೆ ಕಾಡಿನ ನೆನಪು ಅಂಥ ಅಂಟಾಗಿತ್ತು. ಆದ್ದರಿಂದ ಯೋಜನೆ ಮುರಿದ ದಿನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಏನು ಹೋಯಿತು’ ಎಂಬುದಲ್ಲ, ‘ಕೈಯಲ್ಲಿ ಏನು ಉಳಿದಿದೆ’ ಎಂಬುದು. ಸೀಟು ಹೋಗಿರಬಹುದು, ಎರಡು ವರ್ಷ ಕಲಿತ ಗಣಿತ ಎಲ್ಲಿಗೂ ಹೋಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹೊಸ ಎಳೆಯನ್ನು ಖಾಲಿ ಗಾಳಿಗೆ ಎಸೆದರೆ ನೂಲಾಗುವುದಿಲ್ಲ. ಓಡುತ್ತಿರುವ ಉಳಿದ ಎಳೆಗಳು ಇರಬೇಕು. ಹೊನ್ನಮ್ಮನಿಗೆ ಒಬ್ಬ ರಾಣಿ, ಒಬ್ಬ ಗುರು ಇದ್ದರು. ಸೋಲಿಗರು ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದರೆ 2011ರ ಅಕ್ಟೋಬರ್ ಬರುತ್ತಿರಲಿಲ್ಲ. ಆದ್ದರಿಂದ ಈ ಮಾತು ಎಳೆ ಕಡಿದವರಿಗೆ ಮಾತ್ರ ಹೇಳಿದ್ದಲ್ಲ, ಸುತ್ತಲಿನವರಿಗೂ ಹೇಳಿದ್ದು. ಫೇಲಾದ ಹುಡುಗನ ಮನೆಗೆ ಹೋಗಿ ಅಂಕ ಕೇಳುವವರು ಬಹಳ. ‘ನಾಳೆ ಅಂಗಡಿಗೆ ಬಾ, ಲೆಕ್ಕ ಬರೆಯುವುದನ್ನು ನೋಡು’ ಎನ್ನುವವರು ಕಡಿಮೆ. ಬೆಳೆ ಕಳೆದುಕೊಂಡವನಿಗೆ ಹಣೆಬರಹದ ಮಾತು ಹೇಳುವವರು ಬಹಳ. ಮುಂದಿನ ಬೆಳೆಗೆ ಒಂದಿಷ್ಟು ಸೊಪ್ಪು ಕೊಡುವವರು ಕಡಿಮೆ. ಪೂರ್ಣಯ್ಯನವರಿಗೂ ಮೊದಲು ಸಿಕ್ಕಿದ್ದು ಅರಮನೆಯಲ್ಲ, ಒಂದು ಅಂಗಡಿಯ ಮೂಲೆ.

ಪರೀಕ್ಷೆಯ ಫಲಿತಾಂಶ ಬಂದಾಗ ಈ ಊರಿನ ಕೆಲವು ಮನೆಗಳಲ್ಲಿ ಸಿಹಿ ಹಂಚುತ್ತಾರೆ, ಕೆಲವು ಮನೆಗಳ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದ ಬಾಗಿಲನ್ನು ತಟ್ಟುವ ಕೆಲಸ ಈ ಸಭೆಯಲ್ಲಿ ಕುಳಿತ ಹಿರಿಯರದು. ತೆರೆಯುವ ಕೆಲಸ ಒಳಗಿರುವ ಮಕ್ಕಳದು. ಅಷ್ಟಾದರೆ ಎಳೆ ಸೇರುತ್ತದೆ.